ಅತ್ತೆಯ ನೇಮ ಮತ್ತು ಮೂರು ಗಂಟೆಯ ವಿಮಾನ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಧರ್ಮಾವತಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಸೊಸೆಯ ಕಡೆಗೆ ತಳ್ಳಿದರು. ಸೊಸೆ ಅದನ್ನು ಮತ್ತೆ ಅತ್ತೆಯ ಕಡೆಗೆ ತಳ್ಳಿದಳು. ಆ ದಿನದ ರಗಳೆ ಶುರುವಾದದ್ದು ಹೀಗೆ.

ಸೂತಕ ಕಳೆದಿತ್ತು. ನೆಂಟರು ಮಲಗಿದ್ದ ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿ ಆಗಿತ್ತು. ತೀರಿಕೊಂಡ ಮಗ ಬ್ರಹ್ಮದೇವನ ಅಂಗಿಗಳು ಮಾತ್ರ ಗೂಟದಲ್ಲಿ ಇದ್ದ ಹಾಗೇ ಇದ್ದವು. ಇನ್ನು ಮೇಲೆ ಎದ್ದು ತಿಂಡಿ ಮಾಡುವುದು, ತಿನ್ನುವುದು, ತಟ್ಟೆ ತೊಳೆಯುವುದು, ಇಷ್ಟೇ ಎಂದು ಅವನ ಹೆಂಡತಿ ತ್ರಿಶಲಾ ತೀರ್ಮಾನಿಸಿಕೊಂಡಿದ್ದಳು. ಅದರಲ್ಲಿ ಎರಡನೆಯದಕ್ಕೇ ಅಡ್ಡಿ ಬಂತು.

“ನನಗೆ ಬೇಡ ಕಣೇ. ನೇಮ ಹಿಡಿದಿದೀನಿ,” ಎಂದರು ಅತ್ತೆ.

“ಏನು ನೇಮ ಅತ್ತೆ?”

“ಗೊಮ್ಮಟೇಶ ಇವತ್ತು ವಿಮಾನ ಹತ್ತುತಾನೆ. ಅವನು ನೆಲಕ್ಕೆ ಇಳಿಯೋ ತನಕ ನನ್ನ ಗಂಟಲಲ್ಲಿ ನೀರೂ ಇಳಿಯಲ್ಲ. ಪಾರ್ಶ್ವನಾಥಸ್ವಾಮಿ ಮುಂದೆ ಹೇಳಿ ಬಂದಾಯ್ತು.”

ಗೊಮ್ಮಟೇಶ ಅವರ ಕಿರಿಯ ಮಗ, ಕೇಂದ್ರ ಸರ್ಕಾರದ ಸರ್ವೆ ಇಲಾಖೆಯಲ್ಲಿ ಕೆಲಸ. ಅಣ್ಣ ತೀರಿಕೊಂಡ ವಾರದಲ್ಲೇ ಅವನಿಗೆ ಮಣಿಪುರಕ್ಕೆ ವರ್ಗವಾಗಿತ್ತು. ಸಿಲ್ಚಾರ್ ಎಂಬ ಊರಿನವರೆಗೆ ರೈಲು, ಅಲ್ಲಿಂದ ಬೆಟ್ಟ ದಾಟಿ ಇಂಫಾಲಿಗೆ ವಿಮಾನ ಎಂದು ಅವನು ತಾಯಿಗೆ ವಿವರಿಸಿ, ಕ್ರಿಯೆ ಮುಗಿದ ಮಾರನೆಯ ದಿನವೇ ಅರಸೀಕೆರೆಗೆ ಹೋಗಿ ರೈಲು ಹತ್ತಿದ್ದ. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವವನು ಮಾತಾಡುವ ಹಾಗೆ ಜೋರಾಗಿ ಮಾತಾಡಿದ್ದ. ಬುಧವಾರ ಮೂರು ಗಂಟೆಗೆ ವಿಮಾನ ಏಳುತ್ತದೆ ಎಂದು ಹೇಳಿದ್ದ. ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹೇಳಿರಲಿಲ್ಲ. ಅದನ್ನು ಆಗ ಯಾರೂ ಕೇಳಿರಲಿಲ್ಲ.

ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಬಾಯಿಗೆ ಏನನ್ನೂ ಹಾಕುವುದಿಲ್ಲ. ಹಾಲೂ ಇಲ್ಲ, ನೀರೂ ಇಲ್ಲ. ಧರ್ಮಾವತಮ್ಮ ಹುಟ್ಟಿದಾಗಿನಿಂದ ಹಾಕಿರಲಿಲ್ಲ. ವಿಮಾನ ಹೊತ್ತು ಮುಳುಗಿದ ಮೇಲೆ ಇಳಿದರೆ ಅವರು ನಾಳೆ ಬೆಳಿಗ್ಗೆಯವರೆಗೆ ಉಪವಾಸ. ಕ್ರಿಯೆಯ ದಿನ ಅವರು ತಲೆ ಸುತ್ತಿ ಬಿದ್ದಾಗ ಬೇಲೂರಿನಿಂದ ಬಂದ ಡಾಕ್ಟರು ತ್ರಿಶಲಾಳನ್ನು ಪಕ್ಕಕ್ಕೆ ಕರೆದು, “ಇನ್ನೊಂದು ದಿನ ಹೊಟ್ಟೆ ಖಾಲಿ ಬಿಟ್ಟರೆ ನನ್ನನ್ನ ಕರೀಬೇಡಿ, ನಾನು ಬಂದು ಮಾಡೋದು ಏನೂ ಇರಲ್ಲ,” ಎಂದಿದ್ದರು. ಆ ಮನೆಯಲ್ಲಿ ಈಗ ಇದ್ದವರು ಇಬ್ಬರು. ಅದು ಒಬ್ಬರಾಗುವುದು ತ್ರಿಶಲಾಳಿಗೆ ಬೇಕಿರಲಿಲ್ಲ.

“ಎಷ್ಟೊತ್ತಿಗೆ ಇಳೀತಾನೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅತ್ತೆ?”

“ನೀನು ಲೆಕ್ಕ ಹಾಕಿ ಹೇಳು. ಮೈಸೂರಲ್ಲಿ ಓದಿದೋಳು ನೀನು.”

ತ್ರಿಶಲಾ ಓದಿದ್ದು ಇತಿಹಾಸ. ಯಾವ ರಾಜ ಎಲ್ಲಿಂದ ಎಲ್ಲಿಗೆ ದಂಡೆತ್ತಿ ಹೋದ ಎಂದು ಅವಳು ಹೇಳಬಲ್ಲಳು. ಎಷ್ಟು ಹೊತ್ತಿಗೆ ತಲುಪಿದ ಎಂದು ಯಾವ ಶಾಸನದಲ್ಲೂ ಬರೆದಿರಲಿಲ್ಲ.

ಅಷ್ಟರಲ್ಲಿ ಮಾದಿಹಳ್ಳಿಯಿಂದ ಹಾಲು ತರುವ ಮುತ್ತಮ್ಮ ಬಂದಳು. ವಿಷಯ ಕೇಳಿ ಹಾಲಿನ ಕ್ಯಾನು ಕೆಳಗಿಟ್ಟಳು.

“ಅಸ್ಸಾಮಿನ ಕಡೆ ಅನ್ನಿ. ನಮ್ಮಳಿಯ ಲಾರೀಲಿ ಅಲ್ಲಿಗೆ ಹೋದೋನು ತಿರುಗಿ ಬರೋ ಹೊತ್ಗೆ ಅವನ ಮಗೀಗೆ ಹಲ್ಲು ಬಂದಿತ್ತು.”

“ಇದು ಲಾರಿ ಅಲ್ಲ ಮುತ್ತಮ್ಮ, ವಿಮಾನ,” ಎಂದಳು ತ್ರಿಶಲಾ.

“ಯಾವ್ದಾದ್ರೇನವ್ವ, ಡ್ರೈವರು ಮನುಸನೇ ತಾನೆ? ಟೀ ಕುಡಿಯಾಕೆ ನಿಲ್ಲಿಸಾಕಿಲ್ವಾ?”

ಧರ್ಮಾವತಮ್ಮನ ಮುಖ ಬಾಡಿತು. ಮುತ್ತಮ್ಮ ಅದನ್ನು ನೋಡಿ, “ನಾನೇನೋ ಅಂದೆ, ಬಿಡಿ. ಒಬ್ಬರೇ ಇರಬ್ಯಾಡಿ, ನಾನು ಇಲ್ಲೇ ಕುಂತಿರ್ತೀನಿ,” ಎಂದು ಜಗಲಿಯ ಮೇಲೆ ಕೂತಳು. ಕೂತವಳು ದಾರಿಯಲ್ಲಿ ಹೋದವರಿಗೆಲ್ಲ ವಿಷಯ ತಿಳಿಸಿದಳು.

ಹಾಗೆ ತಿಳಿದು ಬಂದವರಲ್ಲಿ ಮೊದಲಿಗರು ಪಕ್ಕದ ಮನೆಯ ಜಿನಚಂದ್ರಪ್ಪ. ಕೊಬ್ಬರಿ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಅವರು ಬಸದಿಯ ಉಸ್ತುವಾರಿ ನೋಡುತ್ತಿದ್ದರು. ಸೂರ್ಯ ಹುಟ್ಟುವುದೂ ಮುಳುಗುವುದೂ ತಮ್ಮ ಅಪ್ಪಣೆಯಂತೆಯೇ ಎಂಬ ಹಾಗೆ ಪಂಚಾಂಗವನ್ನು ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದರು.

“ಸೂರ್ಯ ಮುಳುಗೋದರೊಳಗೆ ಅವನು ಇಳೀಬೇಕಲ್ಲ ಧರ್ಮಾವತಿ, ಯಾವ ಊರಿನ ಸೂರ್ಯ?”

“ಸೂರ್ಯ ಒಬ್ಬನೇ ಅಲ್ವೇ ಅಣ್ಣಯ್ಯ?”

“ಒಬ್ಬನೇ. ಆದರೆ ಎಲ್ಲಾ ಕಡೆ ಒಟ್ಟಿಗೆ ಮುಳುಗಲ್ಲ. ಪೂರ್ವದ ಕಡೆ ಬೇಗ ಮುಳುಗ್ತಾನೆ. ಇಲ್ಲಿ ನಾವು ಇನ್ನೂ ಒಲೆ ಹಚ್ಚೋ ಹೊತ್ತಿಗೆ ಅಲ್ಲಿ ಕತ್ತಲೆ. ನಿನ್ನ ಮಗ ಹೋಗ್ತಿರೋದು ಪೂರ್ವಕ್ಕೆ. ಸೂರ್ಯನಿಗೆ ಬೆನ್ನು ಹಾಕಿ.”

ತ್ರಿಶಲಾ ಕಣ್ಣಲ್ಲೇ ಬೇಡ ಎಂದು ಸನ್ನೆ ಮಾಡಿದಳು. ಜಿನಚಂದ್ರಪ್ಪ ಪಂಚಾಂಗ ನೋಡುತ್ತಿದ್ದರು.

ಧರ್ಮಾವತಮ್ಮ ಸೊಸೆಯ ಕಡೆ ತಿರುಗಿದರು. “ಹಾಗಾದ್ರೆ ಅವನು ಇಳಿಯೋ ಹೊತ್ತಿಗೆ ಅಲ್ಲಿ ಕತ್ತಲಾಗಿದ್ರೆ ಅವನು ಹಸಕೊಂಡೇ ಮಲಗಬೇಕು. ಅವನೂ ರಾತ್ರಿ ಉಣ್ಣಲ್ಲ. ಮಗ ಹಸಕೊಂಡು ಮಲಗಿದ್ರೆ ನಾನು ಹೇಗೆ ಉಣ್ಣಲಿ? ತ್ರಿಶಲಾ, ಅವನು ಅಲ್ಲಿಯ ಹೊತ್ತು ಮುಳುಗೋದರೊಳಗೆ ಇಳಿದ್ರೆ ಮಾತ್ರ ನನಗೆ ಊಟ. ಅದನ್ನೂ ಸೇರಿಸಿ ಲೆಕ್ಕ ಹಾಕು.”

“ಅಲ್ಲಿ ಐದೂವರೆಗೇ ಆಯ್ತು ಅಂದುಕೊ,” ಎಂದು ಜಿನಚಂದ್ರಪ್ಪ ಉಪಕಾರ ಮಾಡಿದರು. ಮಾಡಿ, ತಾವೂ ಜಗಲಿಯ ಮೇಲೆ ಕೂತರು.

ಆಮೇಲೆ ಬಂದವರು ಹಳೇಬೀಡು ಹೈಸ್ಕೂಲಿನ ಹೆಡ್ಮೇಷ್ಟ್ರು ಷಡಕ್ಷರಪ್ಪ. ಬ್ರಹ್ಮದೇವ ಇದೇ ಬಸ್ತಿಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರಿಂದ ಪರಿಚಯ. ಅವರು ಕುರ್ಚಿಯ ತುದಿಯಲ್ಲಿ ಕೂತು, ಕೊಡೆಯನ್ನು ಮಂಡಿಗಳ ನಡುವೆ ನಿಲ್ಲಿಸಿ, ಮೂರು ಸಲ ಗಂಟಲು ಸರಿಮಾಡಿಕೊಂಡರು. ತ್ರಿಶಲಾ ಕಾಫಿ ತಂದಳು. “ಏನೂ ಇಲ್ಲಮ್ಮ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ,” ಎಂದರು. ಅಷ್ಟರಲ್ಲಿ ಧರ್ಮಾವತಮ್ಮ ತಮ್ಮ ಪ್ರಶ್ನೆ ಮುಂದಿಟ್ಟರು. ಮುಳುಗುವವನಿಗೆ ಹಗ್ಗ ಸಿಕ್ಕಿದ ಹಾಗೆ ಹೆಡ್ಮೇಷ್ಟ್ರ ಮುಖ ಅರಳಿತು.

“ಇಷ್ಟೇನಾ? ಮಧ್ಯಾಹ್ನದ ಬಿಡುವಿನಲ್ಲಿ ಅಟ್ಲಾಸು ತರ್ತೀನಿ ತಾಯಿ. ದಾರ ಇಟ್ಟು ಅಳೆದುಬಿಡೋಣ.”

ಮಧ್ಯಾಹ್ನ ತಂದರು. ಧರ್ಮಾವತಮ್ಮ ಅಷ್ಟು ಹೊತ್ತಿಗೆ ಗೋಡೆಗೆ ಒರಗಿ ಕೂತಿದ್ದರು, ತುಟಿ ಒಣಗಿತ್ತು. ನಡುಮನೆಯಲ್ಲಿ ಅಟ್ಲಾಸು ಬಿಚ್ಚಿಕೊಂಡಿತು. ಮುತ್ತಮ್ಮ ಹೂ ಕಟ್ಟುವ ದಾರ ಕೊಟ್ಟಳು. ಜಿನಚಂದ್ರಪ್ಪ ದಾರದ ಒಂದು ತುದಿಯನ್ನು ಸಿಲ್ಚಾರಿನ ಮೇಲೆ ಒತ್ತಿ ಹಿಡಿದರು, ಹೆಡ್ಮೇಷ್ಟ್ರು ಇನ್ನೊಂದನ್ನು ಇಂಫಾಲಿಗೆ ಎಳೆದರು. ಆಮೇಲೆ ದಾರವನ್ನು ಹುಷಾರಾಗಿ ಎತ್ತಿ, ಹಾಲಿಗೆ ಬಿದ್ದ ಇರುವೆಯನ್ನು ತೆಗೆಯುವವರ ಹಾಗೆ ಉಸಿರು ಬಿಗಿಹಿಡಿದು, ಪುಟದ ಕೆಳಗಿನ ಅಳತೆಪಟ್ಟಿಯ ಮೇಲೆ ಇಟ್ಟರು.

“ಏಳುನೂರು ಮೈಲಿ,” ಎಂದರು. “ವಿಮಾನ ಗಂಟೆಗೆ ಇನ್ನೂರು ಅಂತ ಇಟ್ಟುಕೊಂಡರೆ, ಇಳಿಯೋದು ಆರೂವರೆ.”

ಇಂಫಾಲಿನ ಸೂರ್ಯನೂ ಹೋದ, ಹಳೇಬೀಡಿನ ಸೂರ್ಯನೂ ಹೋದ.

“ಆಯ್ತು ಬಿಡಿ,” ಎಂದು ಧರ್ಮಾವತಮ್ಮ ಅಲ್ಲೇ ಚಾಪೆಯ ಮೇಲೆ ಮಲಗಿದರು. “ನಾಳೆ ಬೆಳಿಗ್ಗೆ ನೋಡೋಣ.”

ಹೆಡ್ಮೇಷ್ಟ್ರು ಶಾಲೆಯ ಗಂಟೆಯಾಯಿತೆಂದು, ಅಟ್ಲಾಸನ್ನು ಅಲ್ಲೇ ಬಿಟ್ಟು, ತಪ್ಪು ಮಾಡಿದವರ ಹಾಗೆ ಎದ್ದು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಗಂಟಲು ಸರಿಮಾಡಿಕೊಂಡರು. ತ್ರಿಶಲಾ ನೋಡಿದಳು. “ಏನಿಲ್ಲ,” ಎಂದರು.

“ಅರಸೀಕೆರೆ ಸ್ಟೇಷನ್ನಿಗೆ ಫೋನ್ ಮಾಡಿಸಮ್ಮ. ಅಷ್ಟು ದೊಡ್ಡ ಜಂಕ್ಷನ್ನು, ವಿಮಾನದ್ದೂ ಒಂದು ಟೈಂ ಟೇಬಲ್ ಇಟ್ಟಿರಲ್ವಾ?” ಎಂದು ಜಿನಚಂದ್ರಪ್ಪ ಸಲಹೆ ಕೊಟ್ಟರು. ಇಟ್ಟಿರುವುದಿಲ್ಲ ಎಂದು ತ್ರಿಶಲಾಳಿಗೆ ಗೊತ್ತಿತ್ತು. ಆದರೂ ಸೆರಗು ಹೊದ್ದು ಹೊರಟಳು. ಗಂಡ ಹೋದ ಮೇಲೆ ಅವಳು ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಬಿಸಿಲು ಜೋರಾಗಿತ್ತು. ಹಳೇಬೀಡಿನ ಪೋಸ್ಟಾಫೀಸಿನ ಬಾಗಿಲಲ್ಲಿದ್ದ ನಾಲ್ಕು ಜನ ಅವಳನ್ನು ನೋಡಿ, ಹೇಳಿಕೊಟ್ಟವರ ಹಾಗೆ ಬೆಂಚು ಬಿಟ್ಟು ಎದ್ದರು.

ಪೋಸ್ಟ್‌ಮಾಸ್ಟರ್ ಕರಿಬಸವಯ್ಯನವರ ಪ್ರಕಾರ ಫೋನೆಂದರೆ ದೂರದ ಊರಿನವರೆಗೆ ಕೂಗಲು ಸರ್ಕಾರ ಕೊಟ್ಟ ಅನುಮತಿ. ಬಹಳ ಹೊತ್ತಿನ ಮೇಲೆ ಲೈನು ಸಿಕ್ಕಿತು. ಅವರು ಎದ್ದು ನಿಂತೇ ಮಾತಾಡಿದರು.

“ಅರಸೀಕೆರೆ ಸ್ಟೇಷನ್ನಾ? ಹಳೇಬೀಡು ಪೋಸ್ಟಾಫೀಸು. ಸಿಲ್ಚಾರಿಂದ ಇಂಫಾಲಿಗೆ ಎಷ್ಟೊತ್ತಾಗುತ್ತೆ?... ಟ್ರೈನಲ್ಲ ಸ್ವಾಮಿ, ಪ್ಲೇನು... ನಿಮ್ಮಲ್ಲಿ ಪ್ಲೇನ್ ನಿಲ್ಲಲ್ಲ ಅಂತ ನಂಗೂ ಗೊತ್ತು... ಅಲ್ಲ, ಬಸ್ತಿಹಳ್ಳಿ ಬ್ರಹ್ಮದೇವ ಮೇಷ್ಟ್ರು ತೀರ್ಕಂಡ್ರಲ್ಲ, ಅವರ ತಮ್ಮ. ಗೊಮ್ಮಟೇಶ ಅಂತ. ಅವರು ಇವತ್ತು ಆಕಾಶದಲ್ಲವ್ರೆ. ಅವರಮ್ಮ ಬೆಳಿಗ್ಗೆಯಿಂದ ನೀರೂ ಕುಡೀದೆ ಕುಂತವ್ರೆ, ಮಗ ಇಳಿಯೋ ಗಂಟ. ಮೇಷ್ಟ್ರ ಹೆಂಡ್ತಿ ಪಾಪ ಇಲ್ಲೇ ಬಂದು ಕೂತವ್ರೆ. ಹೂಂ. ಹೂಂ.”

ಬೀದಿಯಲ್ಲಿ ಗಾಡಿಯೊಂದು ನಿಂತು ಕೇಳಿಸಿಕೊಂಡು ಮುಂದೆ ಹೋಯಿತು.

“ಏನಂದ್ರು?” ಎಂದು ತ್ರಿಶಲಾ ಕೇಳಿದಳು.

“ಅವರಿಗೆ ಗೊತ್ತಿಲ್ವಂತಮ್ಮ. ಬಾಣಾವರ ಸ್ಟೇಷನ್ನಲ್ಲಿ ಒಬ್ಬ ಕ್ಲರ್ಕು ಅವ್ನಂತೆ, ಮೊನ್ನೆ ಇಂಫಾಲು ಇಂಫಾಲು ಅಂತ ಏನೋ ಮಾತಾಡ್ತಿದ್ದನಂತೆ. ರೈಲ್ವೆ ಫೋನಲ್ಲಿ ಅವನನ್ನ ಕೇಳಿ ನೋಡ್ತಾರಂತೆ. ನೀವು ಮನೆಗೆ ಹೋಗಿ, ತಾಯಿ ಹತ್ರ ಇರಿ. ತಿಳಿದ್ರೆ ನಾನೇ ಬತ್ತೀನಿ.”

ಅವಳು ಮನೆಗೆ ಬಂದಾಗ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಮುತ್ತಮ್ಮ ಬೀಸಣಿಗೆ ಬೀಸುತ್ತಿದ್ದಳು. ಜಗಲಿಯ ಮೇಲೆ, ಶಾಲೆ ಬಿಟ್ಟು ಬಂದ ಷಡಕ್ಷರಪ್ಪನವರು ಕೊಡೆ ಹಿಡಿದು ಮತ್ತೆ ಕೂತಿದ್ದರು.

ತ್ರಿಶಲಾಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳಿಗೇ ಆಶ್ಚರ್ಯ.

“ಸಾರ್, ಬೆಳಿಗ್ಗೆಯಿಂದ ಮೂರು ಸಲ ಬಂದಿರಿ. ಏನೋ ಹೇಳಬೇಕು ಅಂತಿದೀರಿ, ಏನಿಲ್ಲ ಅಂತ ಹೋಗ್ತಿದೀರಿ. ಒಳಗೆ ನಮ್ಮತ್ತೆ ಹೀಗೆ ಮಲಗಿದಾರೆ. ಏನಿದ್ರೂ ಹೇಳಿಬಿಡಿ.”

ಹೆಡ್ಮೇಷ್ಟ್ರು ಕೊಡೆಯನ್ನೇ ನೋಡಿದರು. “ಹೇಳಬಾರದು ತಾಯಿ ಇಂಥ ಹೊತ್ತಲ್ಲಿ. ನಮ್ಮ ಶಾಲೇದು ಒಂದು ಗ್ಲೋಬು ಇತ್ತು. ಮೊನ್ನೆ ಸೂರ್ಯಗ್ರಹಣ ಆಯ್ತಲ್ಲ, ಆಗ ನಿಮ್ಮ ಯಜಮಾನರು ಮಕ್ಕಳಿಗೆ ತೋರಿಸ್ತೀನಿ ಅಂತ ಇಸ್ಕೊಂಡಿದ್ರು. ನಾಳೆ ಇನ್‌ಸ್ಪೆಕ್ಷನ್ನು. ಇಲ್ಲದಿದ್ರೆ ನಾನು ಕೇಳ್ತಿರಲಿಲ್ಲ. ಈಗಲೂ ಕೇಳ್ತಾ ಇಲ್ಲ.”

“ಗ್ಲೋಬು ನಮ್ಮನೇಲಿದೆಯಾ? ದಿನವಿಡೀ ಇದನ್ನ ಮನಸ್ಸಲ್ಲಿ ಇಟ್ಟುಕೊಂಡು ನೀವು ದಾರದಲ್ಲಿ ಅಳೀತಾ ಕೂತಿದ್ರಾ?”

“ಕೇಳೋದು ಹೇಗಮ್ಮ?” ಎಂದರು ಅವರು.

ಅವಳು ಅಟ್ಟ ಹತ್ತಿದಳು. ಬ್ರಹ್ಮದೇವನ ಹಳೆಯ ಪಂಚೆಯಲ್ಲಿ ಸುತ್ತಿ, ಬೆಲ್ಲದ ಪೆಟ್ಟಿಗೆಯ ಪಕ್ಕದಲ್ಲಿ, ಮಗುವನ್ನು ಮಲಗಿಸಿದ ಹಾಗೆ ಇಟ್ಟಿತ್ತು. ಅವಳು ಅದನ್ನು ತೋಳಿನಲ್ಲಿ ಅವುಚಿಕೊಂಡು ಇಳಿದು, ಅತ್ತೆಯ ಪಕ್ಕದಲ್ಲಿ ಕೂತು, ಅಸ್ಸಾಮಿನ ಕಡೆಗೆ ತಿರುಗಿಸಿದಳು. ಇಂಫಾಲಿನ ಹೆಸರಿತ್ತು. ಸಿಲ್ಚಾರಿನ ಹೆಸರೇ ಇರಲಿಲ್ಲ. ಹೆಸರು ಬರೆಯಲು ಅವೆರಡರ ನಡುವೆ ಜಾಗವೇ ಇರಲಿಲ್ಲ.

“ಅತ್ತೆ, ಏಳಿ. ಇಲ್ಲಿ ಬೆರಳಿಡಿ.”

ಧರ್ಮಾವತಮ್ಮ ತೋರುಬೆರಳು ಇಟ್ಟರು. “ಸಿಲ್ಚಾರೆಲ್ಲಿ?”

“ನಿಮ್ಮ ಬೆರಳ ಕೆಳಗೆ.”

“ಇಂಫಾಲೆಲ್ಲಿ?”

“ಅದೂ ಅಲ್ಲೇ.”

ಅತ್ತೆ ಬೆರಳೆತ್ತಿ ನೋಡಿದರು, ಮತ್ತೆ ಇಟ್ಟರು. “ಎರಡೂನಾ?”

ಹೆಡ್ಮೇಷ್ಟ್ರು ಜಗಲಿಯಿಂದಲೇ, “ಹಾಗಾದ್ರೆ ಏಳುನೂರು ಮೈಲಿ ಎಲ್ಲಿಂದ ಬಂತು?” ಎಂದರು. ತ್ರಿಶಲಾ ಅಟ್ಲಾಸು ಎಳೆದುಕೊಂಡಳು. ದಾರ ಇಟ್ಟದ್ದು ಎಡಪುಟದ ಅಸ್ಸಾಮಿನ ಮೇಲೆ. ಅಳತೆಪಟ್ಟಿ ನೋಡಿದ್ದು ಬಲಪುಟದಲ್ಲಿ. ಬಲಪುಟದಲ್ಲಿದ್ದದ್ದು ಇಡೀ ಏಷ್ಯಾ ಖಂಡ.

“ನನ್ನದು ಹಿಂದಿ ವಿಷಯ,” ಎಂದರು ಷಡಕ್ಷರಪ್ಪ.

ಅವಳು ಸರಿಯಾದ ಪಟ್ಟಿಯ ಮೇಲೆ ದಾರ ಇಟ್ಟು ನೋಡಿದಳು. “ಅತ್ತೆ, ಬೇಲೂರಿಂದ ಅರಸೀಕೆರೆಗೆ ಹೋಗಿ ವಾಪಸ್ ಬಂದಷ್ಟು ದೂರ, ಇನ್ನೂ ಕಮ್ಮಿನೇ. ಮೂರು ಗಂಟೆಗೆ ಎದ್ದರೆ ಮೂರೂವರೆ ಹೊತ್ತಿಗೆಲ್ಲ ಕೆಳಗೆ. ನಿಮ್ಮ ಮಗ ಇಳಿದು, ಊಟ ಮಾಡಿ, ಕೈ ಒರೆಸಿಕೊಂಡೂ ಆಗಿರುತ್ತೆ.”

ಅಷ್ಟು ಉದ್ದದ ಮಾತನ್ನು ಅವಳು ಈಚೆಗೆ ಆಡಿರಲಿಲ್ಲ. ಧರ್ಮಾವತಮ್ಮ ಜಿನಚಂದ್ರಪ್ಪನವರ ಮುಖ ನೋಡಿದರು. ಅವರು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಸೂರ್ಯನನ್ನು ತಪಾಸಣೆ ಮಾಡಿ ಬಂದರು. “ನೇಮ ಪೂರ್ತಿ ಆಗಿದೆ. ಹೊತ್ತೂ ಇದೆ. ಹೆಚ್ಚಿಲ್ಲ, ಬೇಗ ಬಡಿಸು.”

ತ್ರಿಶಲಾ ಒಲೆಯ ಮುಂದೆ ಕೂತಳು. ಅನ್ನ, ತೊವ್ವೆ, ಮಜ್ಜಿಗೆ. ಮೊದಲು ಅತ್ತೆಗೆ ಬೆಲ್ಲದ ನೀರು ಕುಡಿಸಿದಳು. ಅತ್ತೆ ಎರಡು ಸಲ ಬಡಿಸಿಕೊಂಡು ಉಂಡರು. ದಿನವೆಲ್ಲ ಕಾದವರನ್ನು ಹಾಗೇ ಕಳಿಸುವುದು ಹೇಗೆ? ಹೆಡ್ಮೇಷ್ಟ್ರಿಗೆ ಬಡಿಸಿದಳು, ಮುತ್ತಮ್ಮನಿಗೆ ಬಡಿಸಿದಳು, ಹೊತ್ತು ಮುಳುಗುವ ಮುಂಚೆ ತಮ್ಮದೂ ಆಗಿಬಿಡಲಿ ಎಂದು ಜಿನಚಂದ್ರಪ್ಪನವರು ಕೂತರು. ಎಲ್ಲರೂ ಎದ್ದ ಮೇಲೆ ಅವಳು ತನ್ನ ತಟ್ಟೆ ಹಾಕಿಕೊಂಡು ಅನ್ನಕ್ಕೆ ಕೈ ಹಾಕುವಷ್ಟರಲ್ಲಿ, ಹೊರಗಿನಿಂದ ಜಿನಚಂದ್ರಪ್ಪ, “ಆಯ್ತು,” ಎಂದು ಸಾರಿದರು.

ತ್ರಿಶಲಾ ಕೈ ತೊಳೆದುಕೊಂಡಳು.

ಜಾವಗಲ್ಲಿನ ಕಡೆಯಿಂದ ಬರುವ ಬಸ್ಸು ಹೋದ ಸದ್ದು ಕೇಳಿಸಿದ ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಯಾರೋ ಟ್ರಂಕು ಇಳಿಸಿದರು. ಗೊಮ್ಮಟೇಶ. ಭುಜದಲ್ಲಿ ವಿಮಾನಕ್ಕೆಂದೇ ಕೊಂಡಿದ್ದ ಹೊಸ ಚೀಲ.

ಎಲ್ಲರಿಗಿಂತ ಮೊದಲು ಮಾತು ಬಂದದ್ದು ಮುತ್ತಮ್ಮನಿಗೆ. “ಇಷ್ಟು ಬೇಗ ಹೋಗಿ ಬಂದ್ರಾ ಸ್ವಾಮಿ? ವಿಮಾನ ಅಂದ್ರೆ ವಿಮಾನ ಬಿಡಿ.”

ಗೊಮ್ಮಟೇಶ ತಾಯಿಯ ಮುಖ ನೋಡಲಾರದೆ ಅತ್ತಿಗೆಯ ಕಡೆ ತಿರುಗಿದ. “ನಾನು ಹೋಗಲೇ ಇಲ್ಲ ಅತ್ತಿಗೆ. ಅರಸೀಕೆರೇಲಿ ಪ್ಲಾಟ್‌ಫಾರಂ ಮೇಲೆ ನಿಂತಾಗ ಆಕಾಶ ನೋಡಿದೆ. ಅಷ್ಟು ಎತ್ತರ ನನ್ನ ಕೈಲಾಗಲ್ಲ ಅನ್ನಿಸಿಬಿಡ್ತು. ಎದುರಿಗೆ ಬಾಣಾವರದ ಕಡೆ ಹೋಗೋ ರೈಲು ನಿಂತಿತ್ತು. ಹತ್ತಿಬಿಟ್ಟೆ. ಅಲ್ಲಿ ನನ್ನ ಜೊತೆ ಓದಿದೋನು ಸ್ಟೇಷನ್ನಲ್ಲಿ ಕ್ಲರ್ಕು. ಅವನ ಮನೇಲೇ ಇದ್ದೆ. ಇವತ್ತು ಅವನು ಫೋನ್ ಇಟ್ಟು ನನ್ನ ಕಡೆ ತಿರುಗಿ, ‘ಏನ್ಲಾ, ನೀನು ಆಕಾಶದಲ್ಲಿದೀಯಂತೆ, ನಿಮ್ಮಮ್ಮ ನೀರು ಬಿಟ್ಟವ್ರಂತೆ,’ ಅಂದ.”

“ಊಟ ಆಯ್ತೇನೋ?” ಎಂದರು ಧರ್ಮಾವತಮ್ಮ. ಅವರು ಕೇಳಿದ್ದು ಅದೊಂದೇ.

“ಆಯ್ತಮ್ಮ. ಮಧ್ಯಾಹ್ನ. ಅವರ ಮನೇಲಿ ಹೋಳಿಗೆ ಮಾಡಿದ್ರು.”

ಯಾರೋ ಕೆಮ್ಮಿದರು. ಧರ್ಮಾವತಮ್ಮ ಮಗನನ್ನು ಹತ್ತಿರ ಕರೆದು, ಅವನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಗ್ಲೋಬನ್ನು ಎಳೆದುಕೊಂಡು ಬೆರಳಿಟ್ಟರು.

“ಇಷ್ಟಕ್ಕೆ ಹೆದರಿದ್ಯಾ? ನೋಡು, ಎರಡೂ ಊರು ಇಲ್ಲೇ ಇದೆ. ತ್ರಿಶಲಾ ಲೆಕ್ಕ ಹಾಕಿದಾಳೆ. ಮುಂದಿನ ವಾರ ಅವಳೇ ನಿನ್ನ ಜೊತೆ ಬಂದು ಇಂಫಾಲಲ್ಲಿ ಬಿಟ್ಟು ಬರ್ತಾಳೆ.”

“ನಾನಾ ಅತ್ತೆ?” ಎಂದಳು ತ್ರಿಶಲಾ. ಅವಳು ಹತ್ತಿದ ಅತಿ ಎತ್ತರದ ಜಾಗ ಎಂದರೆ ಆ ದಿನದ ಅಟ್ಟ.

“ಜನ ಏನಂತಾರೆ, ಸ್ವಲ್ಪ ಯೋಚನೆ ಮಾಡು,” ಎಂದರು ಜಿನಚಂದ್ರಪ್ಪ.

“ಹಾಗಾದ್ರೆ ನೀವೂ ನಿಮ್ಮನೆಯವರೂ ಜೊತೆಗೆ ಹೋಗಿ ಅಣ್ಣಯ್ಯ.”

ಜಿನಚಂದ್ರಪ್ಪ ಪಂಚಾಂಗ ತೆಗೆದು, ಆ ದಿಕ್ಕಿನಲ್ಲಿ ಸೂರ್ಯ ಬಹಳ ಬೇಗ ಮುಳುಗುತ್ತಾನೆಂದು ಜ್ಞಾಪಿಸಿಕೊಂಡರು.

“ಅತ್ತೆ, ನಾನು ಹೋದ್ರೆ ನಿಮ್ಮನ್ನ ನೋಡಿಕೊಳ್ಳೋರು ಯಾರು? ನೀವು ಊಟ...”

“ಊಟ ಎಲ್ಲಿಂದ ಬಂತು?” ಎಂದರು ಧರ್ಮಾವತಮ್ಮ. “ಇಬ್ಬರು ಆಕಾಶದಲ್ಲಿ ಇರ್ತೀರಿ. ನೀವಿಬ್ಬರೂ ನೆಲ ಮುಟ್ಟೋ ತನಕ ನನಗೆ ನೀರೂ ಬೇಡ. ನೀನು ತಿರುಗಿ ಬರೋವಾಗ ಇನ್ನೊಂದು ಸಲ.”

ಬೆಳಿಗ್ಗೆ ಆ ಮನೆಯಲ್ಲಿ ಒಂದು ನೇಮ ಇತ್ತು. ಸಂಜೆಗೆ ಎರಡಾಯಿತು. ತನಗಾಗಿಯೂ ಒಬ್ಬರು ಊಟ ಬಿಟ್ಟು ಕೂರುತ್ತಾರೆ ಎಂಬುದನ್ನು ತ್ರಿಶಲಾ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ಗ್ಲೋಬಿನ ಧೂಳು ಒರೆಸಿದಳು.

ಗದ್ದಲದಲ್ಲಿ ಷಡಕ್ಷರಪ್ಪನವರು ಎದ್ದು ಹೋಗಿಬಿಟ್ಟಿದ್ದರು, ಬರಿಗೈಯಲ್ಲಿ. ಮುಂದಿನ ವಾರಕ್ಕೆ ಬೇಕಾಗುತ್ತೆ, ಇಲ್ಲೇ ಇರಲಿ ಎಂದು ಧರ್ಮಾವತಮ್ಮ ಅಡ್ಡ ಬಂದರು. ನಾಳೆ ಅವರಿಗೆ ಇನ್‌ಸ್ಪೆಕ್ಷನ್ನು ಅತ್ತೆ, ಎಂದು ತ್ರಿಶಲಾ ಭೂಮಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಇನ್ನೂ ಮಬ್ಬು ಬೆಳಕಿತ್ತು. ಬೀದಿಯಲ್ಲಿ ಯಾರದೋ ಮನೆಯ ಒಗ್ಗರಣೆಯ ವಾಸನೆ ಬಂತು, ಅವಳ ಹೊಟ್ಟೆ ಚುರ್ ಎಂದಿತು. ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು, ಅದೂ ಬೆಳಗಾಗುವವರೆಗೆ ಏನೂ ಮಾಡುವ ಹಾಗಿಲ್ಲದ ಹೊತ್ತಿನಲ್ಲಿ.

ಹೆಡ್ಮೇಷ್ಟ್ರು ಬಾಗಿಲಿಗೆ ಬಂದು ಎರಡು ಕೈಯಲ್ಲಿ ಗ್ಲೋಬು ತೆಗೆದುಕೊಂಡರು.

“ನೀವೇ ಯಾಕೆ ತರೋಕೆ ಹೋದಿರಿ ತಾಯಿ,” ಎಂದರು. ಗ್ಲೋಬನ್ನು ತಿರುಗಿಸಿ ದಕ್ಷಿಣಧ್ರುವದ ಹತ್ತಿರ ನೋಡಿದರು. ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟರು. ಅದು ಉರುಳಿತು, ಹಿಡಿದುಕೊಂಡರು. ಮತ್ತೆ ಇಟ್ಟರು, ಮತ್ತೆ ಉರುಳಿತು. ಅವರು ಅವಳನ್ನು ನೋಡಿ ನಕ್ಕರು.

“ಸ್ಟ್ಯಾಂಡೂ ಇತ್ತಾ ಸಾರ್?” ಎಂದಳು ತ್ರಿಶಲಾ.

“ಹಿತ್ತಾಳೇದು,” ಎಂದರು ಷಡಕ್ಷರಪ್ಪ, ಬಹಳ ಮೆಲ್ಲಗೆ. “ಆದರೆ ನಾನು ಕೇಳ್ತಾ ಇಲ್ಲ.”